ಹೋಂ ನರ್ಸ್ ಬಂದ ಮೊದಲ ದಿನವೇ ಒಂದು ಹಾಳೆ ಬರೆಯಿರಿ

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಈಗ ಇರುವುದು ವಯಸ್ಸಾದವರು ಮಾತ್ರ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದಾರೆ, ಕೆಲವರು ಇನ್ನೂ ದೂರ. ಅಪ್ಪ ಜಾರಿ ಬಿದ್ದರು, ಅಮ್ಮನಿಗೆ ಸ್ಟ್ರೋಕ್ ಆಯಿತು ಅಂದ ಕೂಡಲೇ ಏಜೆನ್ಸಿಗೆ ಫೋನ್ ಹೋಗುತ್ತದೆ. ಒಬ್ಬರು ಬ್ಯಾಗ್ ಹಿಡಿದು ಬರುತ್ತಾರೆ. ಮಕ್ಕಳು ಸಂಬಳ ಮಾತಾಡಿ, ಮಾತ್ರೆ ಡಬ್ಬಿ ತೋರಿಸಿ, ಭಾನುವಾರ ರಾತ್ರಿಯ ಬಸ್ಸು ಹತ್ತುತ್ತಾರೆ. ಹಿರಿಯರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವ ಮಾತು ಮಾತ್ರ ಬರುವುದೇ ಇಲ್ಲ. ಮನಸ್ತಾಪ ಶುರುವಾಗುವುದು ಅಲ್ಲೇ. ಹೀಗೆ ಕೆಟ್ಟ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

1. ಮೊದಲು ಹಿರಿಯರನ್ನೇ ಕೇಳಿ. ಹೆಂಗಸು ಬೇಕೋ ಗಂಡಸು ಬೇಕೋ, ಯಾವ ಭಾಷೆ ಬಂದರೆ ಸಲೀಸು? ಮರೆವು ಹೆಚ್ಚಾದವರು ಎಷ್ಟೋ ಸಲ ಚಿಕ್ಕಂದಿನ ಭಾಷೆಗೇ ಮರಳುತ್ತಾರೆ. ಕೊಡವ ತಕ್ಕ್ ಅಥವಾ ಅರೆಭಾಷೆ ಬಿಟ್ಟು ಬೇರೆ ಮಾತು ಹೊರಡದ ಅಜ್ಜಿಯ ಪಕ್ಕ ಹಿಂದಿ ಮಾತ್ರ ಬರುವವರನ್ನು ಕೂರಿಸಿದರೆ ನೀರು ಬೇಕು ಅನ್ನುವುದೂ ತಲುಪುವುದಿಲ್ಲ.

2. ಏಜೆನ್ಸಿಯಿಂದ ಗುರುತಿನ ಚೀಟಿಯ ನಕಲು, ಪೊಲೀಸ್ ಪರಿಶೀಲನೆಯ ಕಾಗದ, ಕೊಟ್ಟ ಹಣಕ್ಕೆ ರಸೀದಿ ತೆಗೆದುಕೊಳ್ಳಿ. ರಸೀದಿ ಬೇಡ ಅಂದರೆ ಕಡಿಮೆ ಮಾಡಿಕೊಡುತ್ತೇವೆ ಅಂದರೂ ಒಪ್ಪಬೇಡಿ. ಇನ್ನೊಂದು ವಿಷಯ. ನಾವು ಹೋಂ ನರ್ಸ್ ಅಂತ ಕರೆಯುವ ಹಲವರು ನರ್ಸಿಂಗ್ ಓದಿದವರಲ್ಲ. ಓದಿದವರಿಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರುತ್ತದೆ, ಕೇಳಿ ನೋಡಿ. ಅದಿಲ್ಲದವರಿಂದ ಇಂಜೆಕ್ಷನ್ ಕೊಡಿಸುವುದು, ಮೂತ್ರದ ಟ್ಯೂಬ್ ಬದಲಿಸುವುದು ಬೇಡವೇ ಬೇಡ.

3. ಈಗ ಮುಖ್ಯ ಕೆಲಸ. ಹೋಂ ನರ್ಸ್ ಬಂದ ದಿನವೇ ಹಿರಿಯರ ಕೋಣೆಯಲ್ಲಿ ಎಲ್ಲರೂ ಕೂತು, ಹಿರಿಯರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅಡುಗೆಮನೆಯಲ್ಲಿ ಗುಟ್ಟಾಗಿ ಮಾತಾಡುವುದಲ್ಲ. ಹಿರಿಯರ ಎದುರಿಗೇ, ಅವರ ಬಾಯಲ್ಲೇ ಬರಲಿ. ಇದು ನನ್ನ ಹೊಸ ಉಪದೇಶವೂ ಅಲ್ಲ. ಹಿರಿಯರು ಯಾವ ಆರೈಕೆಯಲ್ಲೇ ಇದ್ದರೂ ಅವರ ಗೌರವ, ನಂಬಿಕೆ, ಖಾಸಗಿತನ ಉಳಿಯಬೇಕು, ತಮ್ಮ ಆರೈಕೆಯ ತೀರ್ಮಾನ ಅವರದೇ ಆಗಿರಬೇಕು ಎಂದು ವಿಶ್ವಸಂಸ್ಥೆ 1991ರಲ್ಲೇ ಒಪ್ಪಿದ 18 ತತ್ವಗಳಲ್ಲಿ ಹೇಳಿದೆ.

ಹೆಸರಿನಿಂದ ಶುರು ಮಾಡಿ. ಅಜ್ಜ ಅನ್ನಬೇಕೋ, ಅಂಕಲ್ ಅನ್ನಬೇಕೋ, ಅವರೇ ಹೇಳಲಿ. ಏಕವಚನ ಬೇಡ, ಮಗುವಿಗೆ ಗದರುವ ಹಾಗೆ ಗದರುವುದೂ ಬೇಡ.

ಸ್ನಾನ, ಶೌಚದ ಹೊತ್ತಿಗೆ ಬಾಗಿಲು ಮುಚ್ಚಿರಬೇಕು. ಮೈ ಮುಟ್ಟುವ ಮೊದಲು ‘ಈಗ ಬೆನ್ನು ಒರೆಸ್ತೀನಿ’ ಅಂತ ಹೇಳಬೇಕು. ತೊಳೆಯುವ ಭಾಗ ಬಿಟ್ಟು ಉಳಿದ ಮೈ ಮೇಲೆ ಟವೆಲ್ ಇರಬೇಕು. ಮಳೆಗಾಲದ ಥಂಡಿಗೂ ಅದು ಒಳ್ಳೆಯದು.

ಕೈ ಕಾಲು ಮಂಚಕ್ಕೆ ಕಟ್ಟುವಂತಿಲ್ಲ. ಡಾಕ್ಟರು ಬರೆಯದೆ ನಿದ್ದೆ ಮಾತ್ರೆ ಕೊಡುವಂತಿಲ್ಲ. ರಾತ್ರಿ ನೆಮ್ಮದಿಯಾಗಿ ಮಲಗಲಿ ಅಂತ ಸುಮ್ನೆ ಒಂದು ಮಾತ್ರೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ. ಆ ಮಂಪರಿನಲ್ಲೇ ಎದ್ದು ಬಾತ್‌ರೂಮಿಗೆ ಹೋಗುವಾಗ ಬೀಳುತ್ತಾರೆ, ಸೊಂಟ ಮುರಿಯುತ್ತದೆ.

ಹಾಸಿಗೆ ಹಿಡಿದವರಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ ಸಮಯವನ್ನು ಪುಸ್ತಕದಲ್ಲಿ ಬರೆಯಬೇಕು. ದಿನಕ್ಕೊಮ್ಮೆ ಬೆನ್ನಿನ ಕೆಳಗೆ, ಸೊಂಟದ ಎರಡೂ ಪಕ್ಕ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಚಿಕೊಳ್ಳದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಅಲ್ಲಿ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ. ಆ ಜಾಗವನ್ನು ತಿಕ್ಕಬಾರದು, ಪೌಡರ್ ಸುರಿಯಬಾರದು. ನಡುವೆ ತೂತಿರುವ ಗಾಳಿ ತುಂಬಿದ ರಿಂಗ್ ಕುಶನ್ ಮಾರುತ್ತಾರಲ್ಲ, ಅದನ್ನು ತರಲೇಬೇಡಿ. ಅಂಚಿನಲ್ಲಿ ಒತ್ತಿ ರಕ್ತ ಓಡಾಡದ ಹಾಗೆ ಮಾಡುತ್ತದೆ. ಗಾಳಿ ಹಾಸಿಗೆ ಒಳ್ಳೆಯದೇ. ಆದರೆ ಅದರ ಪಂಪಿಗೆ ಕರೆಂಟು ಬೇಕು. ಜೂನ್, ಜುಲೈನಲ್ಲಿ ಮರ ಬಿದ್ದು ಇಡೀ ರಾತ್ರಿ ಕರೆಂಟಿಲ್ಲದಾಗ ಅದು ಚಪ್ಪಟೆಯಾಗಿ ಹಿರಿಯರು ಗಟ್ಟಿ ಮಂಚದ ಮೇಲೆ ಬೀಳುತ್ತಾರೆ. ಇನ್ವರ್ಟರ್ ಇಲ್ಲದ ಮನೆಗೆ ದಪ್ಪ ಫೋಮ್ ಹಾಸಿಗೆಯೇ ಸರಿ.

ಫೋನು ಹಿರಿಯರ ಕೈಗೆ ಸಿಗುವಲ್ಲಿ ಇರಲಿ. ನೆಂಟರು, ಅಕ್ಕಪಕ್ಕದವರು ಬಂದರೆ ತಡೆಯಬಾರದು. ಕಡಂಬುಟ್ಟು ಬೇಕೋ ಗಂಜಿ ಬೇಕೋ, ಡಾಕ್ಟರು ಬೇಡ ಅನ್ನದಿದ್ದರೆ ಅವರು ಕೇಳಿದ್ದೇ ಊಟ. ದುಡ್ಡಿನ ಲೆಕ್ಕ ದಿನದಿನವೂ ಬರೆಯಬೇಕು. ಎಟಿಎಂ ಪಿನ್, ಬೀರು ಕೀಲಿ ಯಾರಿಗೂ ಬೇಡ.

ಹಾಳೆಯ ಇನ್ನೊಂದು ಬದಿಯಲ್ಲಿ ನೋಡಿಕೊಳ್ಳಲು ಬಂದವರ ಪಾಲಿನದು ಬರೆಯಿರಿ: ವಾರದ ರಜೆ, ಮಲಗಲು ಸರಿಯಾದ ಜಾಗ, ಹೊತ್ತಿಗೆ ಊಟ, ತೋಟದ ಕೆಲಸಕ್ಕೆ ಕರೆಯುವುದಿಲ್ಲ ಅನ್ನುವ ಮಾತು. ರಜೆಯ ದಿನ ಯಾರು ಬರುತ್ತಾರೆ ಅನ್ನುವುದೂ ಅಲ್ಲೇ ಇರಲಿ. ರಾತ್ರಿಯಿಡೀ ಎದ್ದವರು ಹಗಲಲ್ಲೂ ದುಡಿದರೆ ಸಿಟ್ಟು ಹಾಸಿಗೆಯಲ್ಲಿರುವವರ ಮೇಲೆ ಬೀಳುತ್ತದೆ. ಇದನ್ನು ಬಿಟ್ಟರೆ ಮೇಲೆ ಬರೆದ ಯಾವುದೂ ನಿಲ್ಲುವುದಿಲ್ಲ.

4. ಎಲ್ಲರೂ ಸಹಿ ಹಾಕಿ, ಫೋಟೊ ತೆಗೆದು, ಹಾಳೆಯನ್ನು ಕೋಣೆಯಲ್ಲೇ ಅಂಟಿಸಿ.

5. ಆಮೇಲೆ ನೋಡುತ್ತಿರಬೇಕು. ವಾರಕ್ಕೊಮ್ಮೆಯಾದರೂ ಹಿರಿಯರು ಒಬ್ಬರೇ ಇರುವಾಗ ಫೋನ್ ಮಾಡಿ. ‘ಚೆನ್ನಾಗಿದ್ದೀರಾ’ ಅಂದರೆ ‘ಹ್ಞೂಂ’ ಅಂತಲೇ ಉತ್ತರ. ‘ನಿನ್ನೆ ರಾತ್ರಿ ಎದ್ದಾಗ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು’ ಅಂತ ಕೇಳಿ. ಹತ್ತಿರದ ನೆಂಟರೊಬ್ಬರು ಹೇಳದೆ ಕೇಳದೆ ಹೋಗಿ ಬರಲಿ, ಬೆಳಿಗ್ಗೆಗಿಂತ ಸಂಜೆ ಹೋಗಲಿ. ತೋಳಿನ ಮೇಲೆ ಬೆರಳಿನ ಗುರುತು, ದಿಢೀರ್ ಮೌನ, ಒಬ್ಬರು ಒಳಗೆ ಬಂದ ಕೂಡಲೇ ಮುದುಡಿಕೊಳ್ಳುವುದು, ಇವು ವಯಸ್ಸಿನ ಲಕ್ಷಣ ಅಂತ ತಳ್ಳಿಹಾಕುವಂಥವಲ್ಲ. ಕ್ಯಾಮೆರಾ ಹಾಕುವುದಾದರೆ ಹಿರಿಯರು ಒಪ್ಪಬೇಕು, ಕೆಲಸಕ್ಕೆ ಬಂದವರಿಗೂ ಹೇಳಿರಬೇಕು. ಮಲಗುವ ಕೋಣೆಗೆ ಕ್ಯಾಮೆರಾ ಬೇಡ ಅನ್ನುವುದು ನನ್ನ ಖಚಿತ ಮಾತು. ಬಟ್ಟೆ ಬದಲಿಸುವುದನ್ನು ಮಗ ಬೆಂಗಳೂರಿನಲ್ಲಿ ಕೂತು ನೋಡುವುದು ಯಾವ ಗೌರವ?

6. ತಪ್ಪು ಕಂಡರೆ ಏಜೆನ್ಸಿಗೆ ಬರಹದಲ್ಲಿ ದೂರು ಕೊಡಿ, ವಾಟ್ಸ್‌ಆ್ಯಪ್ ಆದರೂ ಸರಿ. ಹೊಡೆತ, ಬೆದರಿಕೆ ಇದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಸಲಹೆ ಬೇಕಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಏಜೆನ್ಸಿ ಹಣ ಪಡೆದು ಸೇವೆ ಕೊಡದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ರಸೀದಿ ಬೇಕು ಅಂದಿದ್ದು ಇದಕ್ಕೇ. ಒಬ್ಬರನ್ನು ನೀವೇ ನೇರವಾಗಿ ಸಂಬಳಕ್ಕೆ ಇಟ್ಟುಕೊಂಡಿದ್ದರೆ ಈ ದಾರಿ ಇಲ್ಲ.

ನೋಡಿಕೊಳ್ಳದೆ ಬಿಟ್ಟವರು ಮಕ್ಕಳೇ ಆಗಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಹಿರಿಯರೇ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಆಸ್ತಿಯನ್ನು ಮಕ್ಕಳಿಗೆ ದಾನಪತ್ರ ಮಾಡುವವರು ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಮಾತು ತಪ್ಪಿದರೆ ಅದೇ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ರದ್ದು ಮಾಡಿಸಲು ಆ ಒಂದು ಸಾಲು ಬೇಕಾಗುತ್ತದೆ.