ಝಿಪ್ ಕಡತಕ್ಕೆ ವೈರಸ್ ತಾಗುತ್ತದೆಯೇ? ನಾನು ನೋಡಿ ತಿಳಿದದ್ದು

ಶಿರಸಿಯಲ್ಲಿ ಗಣಕಯಂತ್ರ ದುರಸ್ತಿ ಮಾಡುವ ನನ್ನ ಬಳಿ ಬರುವವರು ಅಡಿಕೆ ವ್ಯಾಪಾರದ ಲೆಕ್ಕ, ಮದುವೆಯ ಫೋಟೊ, ಯಕ್ಷಗಾನದ ಕರಪತ್ರಗಳನ್ನೆಲ್ಲ ಝಿಪ್ ಮಾಡಿ, ಅಂದರೆ ಒಂದೇ ಕಡತವಾಗಿ ಒತ್ತಿ ಕಟ್ಟಿ, ಇಟ್ಟುಕೊಂಡಿರುತ್ತಾರೆ. "ಝಿಪ್ ಮಾಡಿದ್ದೇನಲ್ಲ ಮಾರಾಯರೆ, ಇನ್ನು ವೈರಸ್ ತಾಗುವುದಿಲ್ಲವಲ್ಲ?" ಎಂದು ಕೇಳುತ್ತಾರೆ. ಅವರ ನಂಬಿಕೆ ಅರ್ಧ ಮಾತ್ರ ಸರಿ.

ಇದನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಒಂದು ಡಿಟಿಪಿ ಅಂಗಡಿಯ ಯಂತ್ರ. ಅದಕ್ಕೆ ಸ್ಯಾಲಿಟಿ ಹೊಕ್ಕಿತ್ತು. ಇದು ಇಎಕ್ಸ್‌ಇ ಕಡತಗಳನ್ನು, ಅಂದರೆ ಓಡಿಸಬಹುದಾದ ತಂತ್ರಾಂಶಗಳನ್ನು, ಹುಡುಕಿ ಅವುಗಳ ಒಳಗೇ ತನ್ನನ್ನು ಸೇರಿಸಿಕೊಳ್ಳುವ ಜಾತಿಯ ವೈರಸ್. ಯಂತ್ರವನ್ನು ಅದರ ವಿಂಡೋಸ್‌ನಿಂದ ಚಾಲೂ ಮಾಡದೆ, ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ ತೆರೆದೆ. ಮಾಲೀಕರು ಹಿಂದೆ ಡಿವಿಡಿಗೆ ಬರೆದಿಟ್ಟಿದ್ದ ಪ್ರತಿಗಳ ಜತೆಗೆ ಹಾರ್ಡ್ ಡಿಸ್ಕ್‌ನ ಕಡತಗಳ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆ; ಒಂದಕ್ಷರ ಬದಲಾದರೂ ಇದು ಬದಲಾಗುತ್ತದೆ) ಹೋಲಿಸಿದೆ. ಝಿಪ್‌ಗಳೆಲ್ಲ ಅಕ್ಷರಕ್ಕೆ ಅಕ್ಷರ ಹೊಂದಿದವು. ಒಳಗಿದ್ದ ಇನ್‌ಸ್ಟಾಲರ್‌ಗಳೂ ಶುದ್ಧವಾಗಿದ್ದವು. ಆದರೆ ತಾನಾಗಿಯೇ ಬಿಚ್ಚಿಕೊಳ್ಳುವಂತೆ ಮಾಡಿದ್ದ ಕಟ್ಟುಗಳು ಕೆಟ್ಟಿದ್ದವು, ಗಾತ್ರವೂ ಹಿಗ್ಗಿತ್ತು. ನೋಡಲು ಅವೂ ಝಿಪ್‌ನಂತೆಯೇ. ವೈರಸ್‌ನ ಪಾಲಿಗೆ ಮಾತ್ರ ಅವು ಇನ್ನೊಂದು ಇಎಕ್ಸ್‌ಇ.

ಹಾಗೆಂದು ಝಿಪ್ ಕೋಟೆಯಲ್ಲ. ಒಳಗಿನ ಕಡತಗಳ ಪಟ್ಟಿ ಅದರ ಕೊನೆಯಲ್ಲಿರುತ್ತದೆ. ಉಳಿದದ್ದನ್ನು ಮುಟ್ಟದೆಯೇ ಹೊಸ ಕಡತವೊಂದನ್ನು ತುರುಕಿ, ಪಟ್ಟಿಯನ್ನು ತಿದ್ದಿಬಿಡಬಹುದು. ಹೀಗೆ ತಮ್ಮ ಪ್ರತಿಯನ್ನು ಸೇರಿಸುವ ಹುಳುಗಳು (ತಾವಾಗಿಯೇ ಹರಡುವ ದುಷ್ಟ ತಂತ್ರಾಂಶಗಳು) ಇವೆ. ಝಿಪ್‌ನೊಳಗಿನ ಸಿಆರ್‌ಸಿ ಎಂಬ ತಪ್ಪು ಪತ್ತೆಯ ಮೊತ್ತ ಇದನ್ನು ತಡೆಯುವುದಿಲ್ಲ, ಏಕೆಂದರೆ ಯಾರು ಬೇಕಾದರೂ ಹೊಸದಾಗಿ ಲೆಕ್ಕ ಹಾಕಿ ಬರೆಯಬಹುದು. ಸೇರಿದ ವೈರಸ್ ಬಿಚ್ಚಿ ಓಡಿಸುವವರೆಗೆ ಸುಮ್ಮನಿರುತ್ತದೆ. ಬಿಚ್ಚುವ ತಂತ್ರಾಂಶದಲ್ಲೇ ದೋಷವಿದ್ದರೆ ಆ ಸಮಾಧಾನವೂ ಇಲ್ಲ: 2019ರಲ್ಲಿ ಬಯಲಾದ ವಿನ್‌ರಾರ್ ದೋಷದಿಂದ, ಬಿಚ್ಚಿದ ಮಾತ್ರಕ್ಕೆ ಕಡತವೊಂದು ವಿಂಡೋಸ್‌ನ ಸ್ಟಾರ್ಟ್‌ಅಪ್ ಫೋಲ್ಡರ್‌ಗೆ (ಅದರಲ್ಲಿರುವುದು ವಿಂಡೋಸ್ ಚಾಲೂ ಆದಾಗ ತಾನಾಗಿಯೇ ಓಡುತ್ತದೆ) ಹೋಗಿ ಕೂರಬಹುದಿತ್ತು. ಹಳೆಯ ವಿನ್‌ರಾರ್ ಕಂಡರೆ ನಾನು ಕೇಳದೆಯೇ ಹೊಸದನ್ನು ಹಾಕಿಕೊಡುತ್ತೇನೆ.

ಆಂಟಿವೈರಸ್ ಎಷ್ಟು ಆಳಕ್ಕೆ ನೋಡುತ್ತದೆ ಎಂದು ತಿಳಿಯಲು ಐಕಾರ್ ಪರೀಕ್ಷಾ ಕಡತ ಸಾಕು. 68 ಬೈಟ್‌ಗಳ ನಿರಪಾಯ ಕಡತ ಅದು. ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಗುರುತಿಸಬೇಕೆಂಬ ಒಪ್ಪಂದವಿದೆ. ಅದನ್ನು ಝಿಪ್ ಮಾಡಿ, ಆ ಝಿಪ್ಪನ್ನು ಮತ್ತೆ ಝಿಪ್ ಮಾಡಿ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿಬಿದ್ದಿತು. ಪಾಸ್‌ವರ್ಡ್ ಹಾಕಿದೊಡನೆ "ಏನೂ ಇಲ್ಲ" ಎಂದಿತು. 2004ರಲ್ಲಿ ಬೇಗಲ್ ಹುಳು ಹರಡಿದ್ದೂ ಇದೇ ಸಂದಿಯಲ್ಲಿ: ಪಾಸ್‌ವರ್ಡ್ ಹಾಕಿದ ಝಿಪ್, ಪಾಸ್‌ವರ್ಡ್ ಅದೇ ಮಿಂಚಂಚೆಯಲ್ಲಿ. ಅಂಥ ಪತ್ರ ಬಂದರೆ ತೆರೆಯಬೇಡಿ ಎಂದು ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ.

ಡಿಸ್ಕ್ ಇಮೇಜ್ ಅಂದರೆ ಡಿಸ್ಕೊಂದರ ಪಡಿಯಚ್ಚನ್ನು ಒಂದೇ ಕಡತದಲ್ಲಿ ಇಟ್ಟದ್ದು; ಅದರ ವಿಷಯ ಇನ್ನೂ ಸೂಕ್ಷ್ಮ. ಸಿಡಿ, ಡಿವಿಡಿಗಳ ಐಎಸ್‌ಒ ಇಮೇಜನ್ನು ವಿಂಡೋಸ್‌ನಲ್ಲಿ ತೆರೆದಾಗ ಓದಲು ಮಾತ್ರ ಬರುತ್ತದೆ. ಹಾರ್ಡ್ ಡಿಸ್ಕ್‌ನ ರೂಪದ ವಿಎಚ್‌ಡಿ ಇಮೇಜ್ ಹಾಗಲ್ಲ, ಅದು ಮಾಮೂಲಿ ಡ್ರೈವ್‌ನಂತೆ ಬರೆಸಿಕೊಳ್ಳುತ್ತದೆ, ಆದ್ದರಿಂದ ಸೋಂಕನ್ನೂ ಹತ್ತಿಸಿಕೊಳ್ಳುತ್ತದೆ. ಇಡೀ ಹಾರ್ಡ್ ಡಿಸ್ಕ್‌ನ ಇಮೇಜ್ ತೆಗೆದರೆ ಯಂತ್ರ ಚಾಲೂ ಆಗಲು ಬೇಕಾದ ಬೂಟ್ ಸೆಕ್ಟರ್ ಸಹಿತ ಎಲ್ಲವೂ ಬರುತ್ತದೆ, ವೈರಸ್ ಇದ್ದರೆ ಅದೂ. ಸೋಂಕಿದ ಮೇಲೆ ತೆಗೆದ ಇಮೇಜನ್ನು ಮರಳಿ ಹಾಕಿದರೆ ರೋಗವನ್ನೇ ಮರಳಿ ಹಾಕಿದಂತೆ. ಅದಕ್ಕಾಗಿ ನಾನು ವಿಂಡೋಸ್ ಹೊಸದಾಗಿ ಹಾಕಿದ ದಿನವೇ, ಇಂಟರ್ನೆಟ್‌ಗೆ ಜೋಡಿಸುವ ಮೊದಲೇ ಇಮೇಜ್ ತೆಗೆಯುತ್ತೇನೆ.

ಒತ್ತೆಹಣ ಕೇಳುವ ರಾನ್‌ಸಮ್‌ವೇರ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅದು ಒಳಗೆ ಹೊಗುವುದೇ ಇಲ್ಲ; ಝಿಪ್ಪನ್ನಾಗಲಿ ಇಮೇಜನ್ನಾಗಲಿ ಹೊರಗಿನಿಂದಲೇ ಗೂಢಲಿಪೀಕರಿಸುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾಡುತ್ತದೆ. ಬ್ಯಾಕಪ್ ಡ್ರೈವನ್ನು ಸದಾ ಸಿಕ್ಕಿಸಿಯೇ ಇಟ್ಟಿದ್ದರೆ ಅದೂ ಹೋದಂತೆಯೇ.

ಆ ಡಿಟಿಪಿ ಅಂಗಡಿಗೆ ಝಿಪ್‌ಗಳನ್ನು ಹಾಗೆಯೇ ಮರಳಿಸಿದೆ. ಸೋಂಕಿದ ಇಎಕ್ಸ್‌ಇಗಳನ್ನು ಶುಚಿಮಾಡಲು ಹೋಗದೆ ಅಳಿಸಿ, ತಯಾರಕರ ತಾಣಗಳಿಂದ ಹೊಸದಾಗಿ ಇಳಿಸಿಕೊಂಡೆ. ಈಗ ಅವರು ಬ್ಯಾಕಪ್ ಮುಗಿದೊಡನೆ ಡ್ರೈವ್ ಕಳಚುತ್ತಾರೆ. ಪ್ರತಿ ಝಿಪ್‌ನ ಎಸ್‌ಎಚ್‌ಎ-256 ಮೊತ್ತವನ್ನು ಮುದ್ರಿಸಿ ಲೆಕ್ಕದ ಫೈಲಿನಲ್ಲಿ ಇಡುತ್ತಾರೆ.