ಮೊದಲು ಕಾಲೊರಸು ಎತ್ತಿಡಿ, ಆಮೇಲೆ ಮರಿ ತನ್ನಿ

ಸರಸ್ವತಿಪುರಂನ ನಮ್ಮ ಭಾವನ ಮನೆಗೆ ಎರಡು ತಿಂಗಳ ನಾಯಿಮರಿ ಬಂದು ವಾರವಾಗಿತ್ತು. ನಾನು ಹೋದಾಗ ಭಾವ ಅದರ ಕತ್ತು ಹಿಡಿದು ಮೂತಿಯನ್ನು ನೆಲದ ಮೇಲಿನ ಉಚ್ಚೆಗೆ ಉಜ್ಜುತ್ತಿದ್ದರು. ‘ಬಿಡಿ ಭಾವ, ಅದು ಯಾವಾಗ ಮಾಡಿದ್ದು?’ ಎಂದೆ. ‘ಯಾರಿಗೆ ಗೊತ್ತು, ನಾನು ನೋಡಿದ್ದು ಈಗ’ ಎಂದರು. ಆ ಮರಿ ಕಲಿತದ್ದು ಇಷ್ಟೆ: ಈ ಮನುಷ್ಯನ ಕಣ್ಣೆದುರು ಒಂದಕ್ಕೆ ಕೂರಬಾರದು. ಮರುದಿನದಿಂದ ಮಂಚದ ಕೆಳಗೆ, ಬೀರುವಿನ ಸಂದಿಯಲ್ಲಿ ಮಾಡತೊಡಗಿತು. ಹೊರಗೆ ಕರೆದೊಯ್ದರೆ ಭಾವನ ಮುಂದೆ ಬಿಗಿಹಿಡಿದು ನಿಲ್ಲುತ್ತಿತ್ತು.

ಮರಿ ತರುವ ಮೊದಲು

ಕಾಲೊರಸು, ಜಮಖಾನ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿ. ಕಾಲಿಗೆ ಮೆತ್ತಗೆ ತಾಗಿ ಒದ್ದೆ ಹೀರಿಕೊಳ್ಳುವ ಜಾಗವೆಂದರೆ ಮರಿಗೆ ಬಲು ಇಷ್ಟ. ಇದೇ ಕಾರಣಕ್ಕೆ ಅಂಗಡಿಯಲ್ಲಿ ಸಿಗುವ, ಉಚ್ಚೆ ಹೀರುವ ಪ್ಯಾಡ್‌ಗಳು ನನಗೆ ಸೇರುವುದಿಲ್ಲ. ಇವತ್ತು ಪ್ಯಾಡ್, ನಾಳೆ ನಿಮ್ಮ ಹಾಸಿಗೆ. ಅಪಾರ್ಟ್‌ಮೆಂಟಿನವರು ಅಗಲವಾದ ಟ್ರೇಯಲ್ಲಿ ಮಣ್ಣು ತುಂಬಿ, ಮೇಲೆ ಗರಿಕೆ ಹಾಸಿ ಬಾಲ್ಕನಿಯಲ್ಲಿಡಲಿ.

ಜಾಗ, ಹೊತ್ತು

ಆರರಿಂದ ಎಂಟು ವಾರಕ್ಕೆ ಶುರುವಾಗುವ ಲಸಿಕೆಗಳ ಸರಣಿ ಮುಗಿಯಲು ಮರಿಗೆ ಹದಿನಾರು ವಾರವಾದರೂ ಆಗಬೇಕು. ಅಲ್ಲಿಯವರೆಗೆ ಬೀದಿ ಬೇಡ. ಮರಿಗಳ ಜೀವ ತೆಗೆಯಬಲ್ಲ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿತ್ತಿಲಲ್ಲೋ ತಾರಸಿಯಲ್ಲೋ ಬೀದಿನಾಯಿ ಬಾರದ ಒಂದು ಮೂಲೆ ಸಾಕು, ಆದರೆ ದಿನವೂ ಅದೇ ಮೂಲೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಅರ್ಧ ಗಂಟೆಯೊಳಗೆ, ಆಟದ ನಡುವೆ ಒಮ್ಮೆ ಕರೆದೊಯ್ಯಿರಿ. ಎರಡು ತಿಂಗಳ ಮರಿ ಎರಡು ಗಂಟೆ ತಡೆದರೆ ಹೆಚ್ಚು. ರಾತ್ರಿಯೂ ಒಮ್ಮೆ ಏಳಬೇಕು, ಬೇರೆ ದಾರಿಯಿಲ್ಲ.

ಹಾಲು ಧಾರಾಳವಾಗಿರುವ ಮಂಡ್ಯದ ಕಡೆಯ ಮನೆಗಳಲ್ಲಿ ಮರಿಗೆ ಬಟ್ಟಲುಗಟ್ಟಲೆ ಹಸುವಿನ ಹಾಲು ಹುಯ್ಯುತ್ತಾರೆ. ಅನೇಕ ಮರಿಗಳಿಗೆ ಅದು ಅರಗದೆ ಭೇದಿಯಾಗುತ್ತದೆ. ಭೇದಿ ಹತ್ತಿದ ಮರಿಗೆ ಯಾವ ಪಾಠವೂ ಹತ್ತುವುದಿಲ್ಲ.

ಎಲ್ಲರೂ ಎಡವುವ ಜಾಗ

ಮರಿಯನ್ನು ಹೊರಗೆ ಬಿಡುತ್ತೀರಿ. ಅದು ಎಲೆ ಮೂಸುತ್ತದೆ, ಇರುವೆಯ ಹಿಂದೆ ಹೋಗುತ್ತದೆ, ತನ್ನ ಬಾಲವನ್ನೇ ಕಚ್ಚುತ್ತದೆ. ಐದು ನಿಮಿಷ ಕಾದು, ‘ಇದಕ್ಕೆ ಬಂದಿಲ್ಲ’ ಎಂದು ಒಳಗೆ ಕರೆತರುತ್ತೀರಿ. ಹೊಸಿಲು ದಾಟಿ ಮೂರು ಹೆಜ್ಜೆ ಇಟ್ಟದ್ದೇ ಹಾಲ್‌ನ ನಟ್ಟನಡುವೆ ಕೂರುತ್ತದೆ. ಅದಕ್ಕೆ ನಿಮ್ಮ ಮೇಲೆ ಹಗೆಯೇನಿಲ್ಲ. ಹೊರಗೆ ಆಟದಲ್ಲಿ ಮರೆತದ್ದು ಒಳಗೆ ಬಂದಾಗ ನೆನಪಾಯಿತು, ಅಷ್ಟೆ.

ಆದ್ದರಿಂದ ಹೊರಗೆ ಹೋಗುವಾಗ ಹಗ್ಗ ಕಟ್ಟಿ. ಗೊತ್ತಾದ ಮೂಲೆಯಲ್ಲಿ ಕಂಬದಂತೆ ನಿಂತುಬಿಡಿ. ಮಾತಿಲ್ಲ, ಆಟವಿಲ್ಲ, ಕೈಯಲ್ಲಿ ಮೊಬೈಲ್ ಅಂತೂ ಬೇಡವೇ ಬೇಡ. ಮರಿ ಮೂಗನ್ನು ನೆಲಕ್ಕೆ ಹಚ್ಚಿ ಸುತ್ತು ಹೊಡೆಯತೊಡಗಿದಾಗ ಮೆಲ್ಲಗೆ ‘ಒಂದಕ್ಕೆ’ ಎನ್ನಿ. ದಿನ ಕಳೆದಂತೆ ಅದೇ ಅಪ್ಪಣೆಯಾಗುತ್ತದೆ. ಪೂರ್ತಿ ಮುಗಿಸಲು ಬಿಡಿ, ಅರ್ಧದಲ್ಲಿ ಭೇಷ್ ಎಂದರೆ ಅರ್ಧಕ್ಕೇ ಎದ್ದು ಬರುತ್ತದೆ. ಮುಗಿದ ಕ್ಷಣವೇ, ಅಲ್ಲೇ, ಜೇಬಿನಿಂದ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ. ಒಳಗೆ ಬಂದು ಡಬ್ಬ ತೆಗೆದು ಬಿಸ್ಕತ್ತು ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಆಟವೆಲ್ಲ ಆಮೇಲೆ.

ಹತ್ತು ನಿಮಿಷವಾದರೂ ಏನೂ ಮಾಡಲಿಲ್ಲವೇ? ಒಳಗೆ ತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ಕೂರಿಸಿಕೊಳ್ಳಿ ಅಥವಾ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ಕಾಲು ಗಂಟೆ ಬಿಟ್ಟು ಮತ್ತೆ ಅದೇ ಮೂಲೆ.

ಒಳಗೆ ಮಾಡಿಬಿಟ್ಟರೆ

ಮಾಡುತ್ತಿರುವಾಗಲೇ ಕಂಡರೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಹೋಗಿ. ಮಾಡಿ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡು ನೆಲ ಒರೆಸಿ. ನಮ್ಮವರು ಕೆಡಿಸುವುದು ಇಲ್ಲಿಯೇ. ಫಿನಾಯಿಲ್ ವಾಸನೆ ನಮ್ಮ ಮೂಗನ್ನು ಮುಚ್ಚುತ್ತದೆಯೇ ಹೊರತು ನಾಯಿಯ ಮೂಗನ್ನಲ್ಲ; ಜೊತೆಗೆ ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕುವ ಮರಿಗೆ ಅದು ವಿಷ. ಅಮೋನಿಯ ಇರುವ ದ್ರಾವಣದ ವಾಸನೆ ಉಚ್ಚೆಯದನ್ನೇ ಹೋಲುತ್ತದೆ. ಬ್ಲೀಚಿಂಗ್ ಪುಡಿ ಉಚ್ಚೆಯೊಂದಿಗೆ ಸೇರಿದರೆ ಕೆಟ್ಟ ಅನಿಲ ಏಳುತ್ತದೆ. ಮೂಲೆಗೆ ನುಸಿಗುಳಿಗೆ ಇಡಿ, ಖಾರದ ಪುಡಿ ಚೆಲ್ಲಿ ಎಂದು ಹೇಳಿಕೊಡುವವರಿಗೆ ಕೈ ಮುಗಿದು ಕಳಿಸಿ. ನುಸಿಗುಳಿಗೆ ನುಂಗಿದರೆ ಮರಿಯ ಜೀವಕ್ಕೇ ಕುತ್ತು.

ಹಳೆಯ ದಿನಪತ್ರಿಕೆಯಿಂದ ಒತ್ತಿ ಒತ್ತಿ ಹೀರಿಸಿ (ಈ ಪುಟವೂ ಆದೀತು, ಬೇಸರವಿಲ್ಲ). ತಣ್ಣೀರಿನಲ್ಲಿ ಒರೆಸಿ. ಕಿಣ್ವ (ಎನ್‌ಜೈಮ್) ಇರುವ ಕ್ಲೀನರ್ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಧಾರಾಳವಾಗಿ ಸುರಿದು ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ. ಚಿಮುಕಿಸಿ ತಕ್ಷಣ ಒರೆಸಿದರೆ ದುಡ್ಡು ದಂಡ. ಬದಲಿಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಳಸಬಹುದು, ಆದರೆ ಸೆರಾಮಿಕ್ ಟೈಲ್ಸ್ ಮೇಲೆ ಮಾತ್ರ. ಮೈಸೂರಿನ ಹಳೆ ಮನೆಗಳ ಮೊಸಾಯಿಕ್, ಕೆಂಪು ರೆಡ್ ಆಕ್ಸೈಡ್, ಕಡಪ ಕಲ್ಲಿನ ನೆಲಕ್ಕೆ ಹುಳಿ ಬಿದ್ದರೆ ಹೊಳಪು ಹೋಗುತ್ತದೆ. ಅಂಥ ನೆಲಕ್ಕೆ ಅಡುಗೆ ಸೋಡಾ ಉದುರಿಸಿ, ಒಣಗಿದ ಮೇಲೆ ಗುಡಿಸಿ. ಎಲ್ಲಿ ಮಾಡಿದೆ ಎಂದು ತಿಳಿಯದಿದ್ದರೆ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ತಂದು, ರಾತ್ರಿ ದೀಪ ಆರಿಸಿ ಹುಡುಕಿ. ಭಾವನ ಮನೆಯಲ್ಲಿ ಬೀರುವಿನ ಸಂದಿಯಲ್ಲೇ ಏಳು ಕಲೆಗಳು ಹೊಳೆದವು.

ಕಲಿತ ನಾಯಿ ಮತ್ತೆ ಶುರು ಮಾಡಿದರೆ

ಪಟಾಕಿಯ ದಿನಗಳಲ್ಲಿ ಇದು ಸಹಜ. ಜಂಬೂಸವಾರಿಯ ಕುಶಾಲತೋಪಿನ ಸದ್ದಿಗೆ ಆನೆ ಕುದುರೆಗಳಿಗೇ ಮೊದಲು ತಾಲೀಮು ಕೊಡುತ್ತಾರೆ, ನಿಮ್ಮ ಮರಿಗೆ ಯಾರು ಕೊಟ್ಟಿದ್ದಾರೆ? ನೀವು ಮನೆಗೆ ಬಂದಾಗ ಬಾಲ ಆಡಿಸುತ್ತ ನಾಲ್ಕು ಹನಿ ಬಿಡುವುದೂ ತಪ್ಪಲ್ಲ. ಬೈಯದೆ, ಬಗ್ಗದೆ ಸುಮ್ಮನೆ ಒಳಗೆ ಹೋಗಿ. ಆದರೆ ಪದೇ ಪದೇ ಕೂತು ಹನಿ ಹನಿ ಮಾಡಿದರೆ, ರಕ್ತ ಕಂಡರೆ, ನೀರು ವಿಪರೀತ ಕುಡಿದರೆ, ಮಲಗಿದಲ್ಲೇ ಸೋರಿದರೆ ಪಶುವೈದ್ಯರಲ್ಲಿಗೆ ಹೋಗಬೇಕು. ಅವರು ಉಚ್ಚೆಯ ಮಾದರಿ ತನ್ನಿ ಎಂದರೆ ಹೆದರಬೇಡಿ: ಬೆಳಿಗ್ಗೆ ಅದು ಕೂತ ಕೂಡಲೇ ಉದ್ದ ಹಿಡಿಯ ಸೌಟನ್ನು ಹಿಂದಿನಿಂದ ಮೆಲ್ಲಗೆ ಚಾಚಿ. ಆ ಸೌಟನ್ನು ಮತ್ತೆ ಅಡುಗೆಮನೆಗೆ ತರಬೇಡಿ.