ಇಬ್ಬರಿಗೊಂದು ಕ್ಯಾಂಪರ್ ವ್ಯಾನ್: ಒಳಗಿನ ಪ್ಲಾನು ಮೊದಲು ಮಾಳಿಗೆ ಮೇಲೆ ಬರೆದು ನೋಡಿ

ಕ್ಯಾಂಪರ್ ವ್ಯಾನ್ ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ತಿರುಗುವ ಗಾಡಿ. ಅದಕ್ಕೆ ಗಾಡಿ ಯಾವುದು ತಗೋಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಳಗೆ ಮಂಚ ಉದ್ದಕ್ಕೆ ಹಾಕೋದಾ, ಅಡ್ಡಕ್ಕೆ ಹಾಕೋದಾ ಅಂತ ಯಾರೂ ಕೇಳುವುದಿಲ್ಲ. ಇಬ್ಬರೇ ತಿರುಗಾಡುವ ಸಣ್ಣ ಗಾಡಿಯಲ್ಲಿ ಮೊದಲ ಜಗಳ ಬರುವುದೇ ಅಲ್ಲಿ.

ನಮಗೆ ಇದು ಗೊತ್ತಾಗಿದ್ದು ಮೂರು ರಾತ್ರಿಯಲ್ಲಿ. ನಾವು ಗಂಗಾವತಿಯವರು, ಗಂಡ ಹೆಂಡತಿ ಇಬ್ಬರೂ ಐವತ್ತು ದಾಟಿದವರು. ಗೆಳೆಯನೊಬ್ಬ ಕಟ್ಟಿಸಿದ್ದ ಗಾಡಿ ಕೇಳಿ ತಗೊಂಡು ಕನಕಗಿರಿ, ತಾವರಗೇರಾ, ಮುದಗಲ್, ಜಲದುರ್ಗ ಅಂತ ಸುತ್ತಿ ಬಂದೆವು. ಒಳಗೆ ಹಗಲು ಎದುರುಬದುರು ಸೀಟು, ನಡುವೆ ಟೇಬಲ್. ರಾತ್ರಿ ಟೇಬಲ್ ಇಳಿಸಿ ನಾಲ್ಕು ಕುಷನ್ ಜೋಡಿಸಿದರೆ ಅದೇ ಹಾಸಿಗೆ. ಫೋಟೋದಲ್ಲಿ ಬಹಳ ಚೆಂದ. ಮೊದಲ ರಾತ್ರಿ ಖುಷಿಯಿಂದ ಜೋಡಿಸಿದೆವು. ಎರಡನೇ ರಾತ್ರಿ ಟೇಬಲ್ ಮೇಲಿದ್ದ ಟಿಫಿನ್ ಡಬ್ಬಿ, ನೀರಿನ ಬಾಟಲಿ, ಚಾರ್ಜರ್, ಮಾತ್ರೆ ಚೀಲ ಎಲ್ಲ ಎಲ್ಲಿಡುವುದು ಅನ್ನುವುದರಲ್ಲೇ ಇಪ್ಪತ್ತು ನಿಮಿಷ ಹೋಯಿತು. ಮೂರನೇ ರಾತ್ರಿ ಸಾಕಾಗಿ ಕುಷನ್ ಹೆಂಗೋ ಎಸೆದು ಮಲಗಿದೆವು, ಬೆಳಗಾಗುವಷ್ಟರಲ್ಲಿ ಎರಡು ಕುಷನ್ ನಡುವಿನ ಸಂದಿಯಲ್ಲಿ ನನ್ನ ಸೊಂಟ ಇಳಿದುಹೋಗಿತ್ತು. ‘ಇದು ಮಂಚ ಅಲ್ರೀ, ದಿನಾ ಸಂಜಿಕ ಒಂದು ಕೆಲಸ’ ಅಂದಳು ಮನೆಯವಳು. ಅಲ್ಲಿಗೆ ಒಂದು ತೀರ್ಮಾನ ಆಯಿತು. ಮಡಚುವ ಮಂಚ ಬೇಡ. ಹಾಸಿದ ಹಾಸಿಗೆ ಹಾಸಿದಂತೆಯೇ ಇರಬೇಕು.

ಇನ್ನು ಅಳತೆಗೆ ಬರೋಣ. ಗಾಡಿಯ ಹೆಸರು ನೋಡಿ ಮೋಸ ಹೋಗಬೇಡಿ. ಫೋರ್ಸ್ ಟ್ರಾವೆಲರ್‌ನಲ್ಲಿ 3350, 3700 ಅಂತ ಹೇಳುತ್ತಾರಲ್ವಾ, ಅದು ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಒಳಗೆ ನಿಮಗೆ ಸಿಗುವ ಜಾಗ ಅದಲ್ಲ. ಮಾರುತಿ ಈಕೋ ಹೊರಗಿನ ಅಗಲ 1475 ಮಿಲಿಮೀಟರ್, ಅಂದರೆ 4 ಅಡಿ 10 ಇಂಚು. ಒಳಗೆ ಇನ್ನೂ ಕಮ್ಮಿ. ಅದರಲ್ಲಿ ಅಡ್ಡಡ್ಡ ಮಲಗುವ ಮಾತೇ ಇಲ್ಲ. ಹಾಗಾಗಿ ಟೇಪು ಹಿಡಿದು ಖುದ್ದಾಗಿ ಒಳಗೆ ಹೋಗಿ. ಸೀಟಿನ ಬೆನ್ನಿನಿಂದ ಹಿಂಬಾಗಿಲವರೆಗೆ ಉದ್ದ, ನೆಲದ ಹತ್ತಿರ ಅಗಲ, ಭುಜದ ಎತ್ತರದಲ್ಲಿ ಅಗಲ, ನಿಂತಾಗ ತಲೆಗೆ ಸಿಗುವ ಎತ್ತರ, ಇಷ್ಟು ಬೇಕು. ಭುಜದ ಹತ್ತಿರದ ಅಗಲ ಯಾಕೆ ಅಂದರೆ ವ್ಯಾನಿನ ಗೋಡೆ ಮೇಲೆ ಹೋದಂತೆ ಒಳಕ್ಕೆ ಬಾಗಿರುತ್ತದೆ. ಸಿಕ್ಕ ಅಳತೆಯಲ್ಲಿ ಪ್ರತಿ ಗೋಡೆಗೆ ಒಂದೂವರೆ ಇಂಚಾದರೂ ಕಳೆಯಿರಿ. ಬಿಸಿಲು ತಡೆಯುವ ಇನ್ಸುಲೇಷನ್, ಪ್ಲೈವುಡ್ ಎರಡೂ ಜಾಗ ತಿನ್ನುತ್ತವೆ. ಚಾವಣಿಗೂ ಇದೇ ಲೆಕ್ಕ. ಹಾಂ, ನಿಮ್ಮ ಮನೆ ಗೇಟಿನ ಅಗಲವನ್ನೂ ಅಳೆಯಿರಿ. ನಗಬೇಡಿ, ನಾವು ಮೊದಲು ಮರೆತಿದ್ದೇ ಅದನ್ನ.

ನಾವು ನೋಡಿದ ಹಳೇ ಟ್ರಾವೆಲರ್‌ನಲ್ಲಿ ಎಲ್ಲ ಕಳೆದು ಉಳಿದದ್ದು ಹತ್ತೂವರೆ ಅಡಿ ಉದ್ದ, 5 ಅಡಿ 10 ಇಂಚು ಅಗಲ. ಇದನ್ನು ಕಾಗದದ ಮೇಲೆ ಬರೆದರೆ ಏನೂ ತಿಳಿಯುವುದಿಲ್ಲ. ಮಾಳಿಗೆ ಹತ್ತಿ ರಂಗೋಲಿ ಪುಡಿಯಲ್ಲಿ ಅಷ್ಟೇ ಅಳತೆಯ ಚೌಕ ಎಳೆದೆವು. ಮಂಚದ ಬದಲು ಹೊರಸು, ಅಡುಗೆ ಕಟ್ಟೆ ಬದಲು ಎರಡು ಸ್ಟೂಲು, ನೀರಿನ ಟ್ಯಾಂಕ್ ಬದಲು ಎರಡು ಕೊಡ. ಸುತ್ತ ನಾಲ್ಕು ಕುರ್ಚಿಗೆ ಹಗ್ಗ ಕಟ್ಟಿದೆವು, ಯಾಕಂದರೆ ನೆಲದ ಗೆರೆ ಕಾಲಿಗೆ ಅಡ್ಡ ಬರಲ್ಲ, ಗೋಡೆ ಬರುತ್ತದೆ. ಪಕ್ಕದ ಮನೆ ಅಜ್ಜಿ ಏನು ಪೂಜೆ ಅಂತ ಕೇಳಿದರು.

ಆಮೇಲೆ ಒಂದು ಇಡೀ ದಿನ ಅಲ್ಲಿ ಬದುಕಿದಂತೆ ನಟಿಸಿ ನೋಡಿ. ಒಬ್ಬರು ಚಹಾ ಮಾಡುವಾಗ ಇನ್ನೊಬ್ಬರು ಬಟ್ಟೆ ಬದಲಿಸಲಿ. ಒಬ್ಬರು ಮಲಗಿರುವಾಗ ಇನ್ನೊಬ್ಬರು ಎದ್ದು ಹೊರಗೆ ಹೋಗಿ ಬರಲಿ, ಟಾರ್ಚ್ ಇಲ್ಲದೆ. ಎಷ್ಟು ಸಲ ಹಗ್ಗಕ್ಕೆ ಮೊಣಕೈ ತಾಗಿತು, ಎಷ್ಟು ಸಲ ‘ಸ್ವಲ್ಪ ಸರೀರಿ’ ಅಂದಿರಿ, ಎಣಿಸಿ. ನಮ್ಮ ಮೊದಲ ಪ್ಲಾನಿನಲ್ಲಿ ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ.

ಆ ಮೊದಲ ಪ್ಲಾನು ಹಿಂದುಗಡೆ ಅಡ್ಡ ಮಂಚದ್ದು. ಅಡ್ಡ ಹಾಕಿದರೆ ಉದ್ದದಲ್ಲಿ 4 ಅಡಿ ಮಾತ್ರ ಹೋಗುತ್ತದೆ, ಮುಂದೆ ಬೇಕಾದಷ್ಟು ಜಾಗ ಉಳಿಯುತ್ತದೆ, ಕೆಳಗೆ ದೊಡ್ಡ ಡಿಕ್ಕಿ ಸಿಗುತ್ತದೆ. ಹಾಗಾಗಿ ಬಹಳ ಜನ ಇದನ್ನೇ ಆರಿಸುತ್ತಾರೆ. ತೊಂದರೆ ಎರಡು. ಒಂದು, ನನ್ನ ಎತ್ತರ 5 ಅಡಿ 9 ಇಂಚು, 5 ಅಡಿ 10 ಇಂಚಿನಲ್ಲಿ ಕಾಲು ಚಾಚಿದರೆ ಬೆರಳು ತಗಡಿಗೆ. ಎರಡು, ಹಿಂಬಾಗಿಲ ಕಡೆ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಿ ಇಳಿಯಬೇಕು. ಇಬ್ಬರೂ ಐದೂವರೆ ಅಡಿಯೊಳಗಿದ್ದು, ಒಮ್ಮೆ ಮಲಗಿದರೆ ಬೆಳಗಿನ ತನಕ ಏಳದವರಾದರೆ ಕಣ್ಣು ಮುಚ್ಚಿ ಇದನ್ನೇ ಹಾಕಿಸಿ. ನಾವು ಆ ವಯಸ್ಸು ದಾಟಿದ್ದೇವೆ.

ಎರಡನೆಯದು, ಒಂದು ಗೋಡೆಗೆ ಒತ್ತಿ 4 ಅಡಿಯ ಉದ್ದ ಮಂಚ, ಪಕ್ಕದಲ್ಲಿ 22 ಇಂಚಿನ ದಾರಿ. ಇಲ್ಲೂ ಗೋಡೆ ಕಡೆಯವರು ಕೈದಿಯೇ. ಈಕೋದಂಥ ಚಿಕ್ಕ ಗಾಡಿಯಲ್ಲಿ ಬೇರೆ ದಾರಿಯೂ ಇಲ್ಲ ಬಿಡಿ.

ಮೂರನೆಯದು ರೈಲಿನ ಬರ್ತ್ ತರಹ. ಎಡಕ್ಕೊಂದು ಬಲಕ್ಕೊಂದು 26 ಇಂಚಿನ ಮಂಚ, ನಡುವೆ 18 ಇಂಚು ದಾರಿ. ಕೂಡಿಸಿ ನೋಡಿ, 70 ಇಂಚು, ಅಂದರೆ ಸರಿಯಾಗಿ 5 ಅಡಿ 10. ಹಗಲು ಅವೇ ಸೋಫಾ, ಏನೂ ಮಡಚಬೇಕಿಲ್ಲ. ಯಾರು ಯಾವಾಗ ಎದ್ದರೂ ಕಾಲು ನೇರ ನೆಲಕ್ಕೆ. ನಡುವೆ ಒಂದು ಹಲಗೆ ಇಟ್ಟರೆ ದೊಡ್ಡ ಮಂಚವೂ ಆಗುತ್ತದೆ, ಮೊಮ್ಮಕ್ಕಳು ಬಂದಾಗ ಬೇಕಾಗುತ್ತದೆ. ಸ್ನೇಹಿತರು ‘ಈ ವಯಸ್ಸಿಗೆ ಬೇರೆ ಬೇರೆ ಮಂಚಾನಾ’ ಅಂತ ಕಾಲೆಳೆದರು. ಎಳೆಯಲಿ, ಅವರು ಮೂರು ರಾತ್ರಿ ಕುಷನ್ ಜೋಡಿಸಿಲ್ಲ.

ನಾವು ಇದನ್ನು ಒಪ್ಪಿದ್ದಕ್ಕೆ ಇನ್ನೊಂದು ದೊಡ್ಡ ಕಾರಣ ಗಾಳಿ. ನಮ್ಮ ಕಡೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತೇವಲ್ಲ, ಏಪ್ರಿಲ್‌ನಲ್ಲಿ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟಿದಾಗ ತಗಡಿನ ಪೆಟ್ಟಿಗೆಯಲ್ಲಿ ಮಲಗುವುದು ತಮಾಷೆ ಅಲ್ಲ. ಹಳೇ ಮನೆಗಳಲ್ಲಿ ಮುಂಬಾಗಿಲಿಗೆ ನೇರ ಹಿತ್ತಲ ಬಾಗಿಲು ಇರುತ್ತದೆ, ಎರಡೂ ತೆರೆದರೆ ಗಾಳಿ ಸೀದಾ ಹಾಯುತ್ತದೆ. ಗಾಡಿಯ ಪ್ಲಾನಿಗೂ ನಾನು ಅದನ್ನೇ ಕೇಳುವುದು, ಮುಂದಿನಿಂದ ಹಿಂದಿನವರೆಗೆ ನೇರ ದಾರಿ ಇದೆಯಾ? ನಡುವೆ ಬಚ್ಚಲ ಡಬ್ಬ, ಎತ್ತರದ ಕಪಾಟು ನಿಲ್ಲಿಸಿದರೆ ಗಾಳಿಯೂ ನಿಂತಿತು. ಮಂಚದ ಮಟ್ಟದಲ್ಲಿ ಎರಡೂ ಕಡೆ ಜಾಲರಿ ಇರುವ ಕಿಟಕಿ, ಮೇಲೆ ಬಿಸಿಗಾಳಿ ಎಳೆದು ಹಾಕುವ ಫ್ಯಾನು ಇರಲೇಬೇಕು. ಜಾಲರಿ ಬೇಡ ಅನ್ನುವವರು ಒಂದು ಸಂಜೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ಭತ್ತದ ಗದ್ದೆ ಪಕ್ಕ ಗಾಡಿ ನಿಲ್ಲಿಸಿ ನೋಡಲಿ, ಸೊಳ್ಳೆ ಉತ್ತರ ಹೇಳುತ್ತವೆ.

ಎಸಿ ಹಾಕಿಸಬಹುದಲ್ಲ ಅನ್ನಬಹುದು. 12 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಹೆಚ್ಚು ಕಡಿಮೆ 1.28 ಯೂನಿಟ್ ಕರೆಂಟು. ಒಂದು ಟನ್ ಎಸಿ ಜೋರಾಗಿ ಓಡಿದರೆ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ಲೆಕ್ಕ ನೀವೇ ಹಾಕಿ. ಅಷ್ಟೇ ಬ್ಯಾಟರಿಯಲ್ಲಿ ಎರಡು ಸಣ್ಣ ಫ್ಯಾನು, ದೀಪ, ಮೊಬೈಲು, ಚಿಕ್ಕ ಫ್ರಿಜ್ಜು ಆರಾಮಾಗಿ ರಾತ್ರಿ ಕಳೆಯುತ್ತವೆ. ಫ್ರಿಜ್ಜನ್ನು ಮಾತ್ರ ದಿಂಬಿನ ಕಡೆ ಇಡಿಸಬೇಡಿ, ಕಂಪ್ರೆಸರ್ ನಡುರಾತ್ರಿ ಗುರ್ ಅಂತ ಶುರುವಾದಾಗ ಎದೆ ಧಸಕ್ ಅನ್ನುತ್ತದೆ. ಇನ್ನೊಂದು ಮಾತು, ಗಾಡಿಯ ನೆಲದ ಪ್ಲಾನು ಬರೆದಂತೆ ಚಾವಣಿಯ ಪ್ಲಾನೂ ಬರೆಯಿರಿ. 330 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಹೆಚ್ಚು ಕಡಿಮೆ ಆರೂವರೆ ಅಡಿ ಉದ್ದ, ಮೂರು ಅಡಿ ಚಿಲ್ಲರೆ ಅಗಲ ಇರುತ್ತದೆ. ಅದನ್ನು ನಡುವೆ ಕೂರಿಸಿ, ಆಮೇಲೆ ಫ್ಯಾನಿಗೆ ತೂತು ಎಲ್ಲಿ ಕೊರೆಯಲಿ ಅಂತ ಕೇಳಿದ ಮಿಸ್ತ್ರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಡುಗೆ ವಿಷಯದಲ್ಲಿ ಮನೆಯವಳ ಮಾತೇ ಕೊನೆ. ನಾನು ಹಿಂಬಾಗಿಲ ಹತ್ತಿರ ಕಟ್ಟೆ ಮಾಡಿ, ಹೊರಗೆ ನೆಲದ ಮೇಲೆ ನಿಂತು ಅಡುಗೆ ಮಾಡೋಣ ಅಂದೆ. ಒಳಗೆ ಬಿಸಿಯಾಗಲ್ಲ, ಒಗ್ಗರಣೆ ಘಾಟು ಹಾಸಿಗೆಗೆ ಹತ್ತಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಆಷಾಢದ ಗಾಳಿಗೆ ಒಲಿ ನಿಂದರತೈತೇನ್ರೀ?’ ನಿಲ್ಲುವುದಿಲ್ಲ. ಕೊಪ್ಪಳದ ಬಯಲಲ್ಲಿ ಜೂನ್ ಜುಲೈ ಗಾಳಿ ಕಂಡವರಿಗೆ ಗೊತ್ತು. ಹಾಗಾಗಿ ಕಟ್ಟೆ ಹಿಂಬಾಗಿಲಲ್ಲೇ ಇರಲಿ, ಆದರೆ ಒಳಗಿನಿಂದಲೂ ಕೈಗೆ ಸಿಗಬೇಕು ಅಂತ ಮಾಡಿದೆವು. ನಡುವೆ ದಾರಿ ಇರುವುದರಿಂದ ಅದು ಆಗುತ್ತದೆ, ಅಡ್ಡ ಮಂಚ ಇದ್ದಿದ್ದರೆ ಆಗುತ್ತಿರಲಿಲ್ಲ. ಕಟ್ಟೆಯ ಅಗಲ 2 ಅಡಿ ಸಾಕು. ಬೆಂಗಳೂರು ಕಡೆಯ ಪ್ಲಾನುಗಳಲ್ಲಿ ಮೂರು ಬರ್ನರ್, ಸಿಂಕು, ಓವನ್ ಎಲ್ಲ ತುಂಬಿರುತ್ತಾರೆ. ನಮಗೆ ಯಾಕೆ? ಕಟಕ್ ರೊಟ್ಟಿ ಒಂದು ಗಂಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು ಇದ್ದರೆ ಒಲೆಯ ಮೇಲೆ ಒಂದು ಪಲ್ಯ, ಎರಡು ಸಲ ಚಹಾ, ಮುಗೀತು. ರೊಟ್ಟಿ ಗಾಡಿಯಲ್ಲೇ ಬಡೀತೀನಿ ಅನ್ನುವವರು ಕಟ್ಟೆಯ ಕೆಳಗೆ ಕಬ್ಬಿಣದ ಆಸರೆ ಕೊಡಿಸಿ, ಇಲ್ಲಾಂದ್ರೆ ಇಡೀ ಗಾಡಿ ಡೊಳ್ಳಾಗುತ್ತದೆ. ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ನಿಲ್ಲುತ್ತದೆ. ಮಂಚದ ಕೆಳಗೆ ಸಿಲಿಂಡರ್ ಇಡುವ ಪ್ಲಾನು ಯಾರಾದರೂ ತೋರಿಸಿದರೆ ಎದ್ದು ಬನ್ನಿ.

ನೀರಿಗೆ ದೊಡ್ಡ ಟ್ಯಾಂಕ್ ಕೂರಿಸುವ ಬದಲು 20 ಲೀಟರಿನ ಮೂರು ಕ್ಯಾನು ನಿಲ್ಲುವ ಗೂಡು ಮಾಡಿಸಿ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಕುಡಿಯುವ ನೀರು ಸಿಗುವುದು ಶುದ್ಧ ನೀರಿನ ಘಟಕದಲ್ಲಿ, ಅಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸುವುದೇ ರೂಢಿ. ಗಾಡಿಯಿಂದ ಬಿಚ್ಚಲಾಗದ ಟ್ಯಾಂಕಿಗೆ ಅಲ್ಲಿ ನೀರು ಹೇಗೆ ಹಿಡಿಯುತ್ತೀರಿ? ಕ್ಯಾನಿನ ಗೂಡು ಜಾರುವ ಬಾಗಿಲ ಹತ್ತಿರವೇ ಇರಲಿ, ತುಂಬಿದ ಕ್ಯಾನು 20 ಕೆಜಿ, ಅದನ್ನು ಹೊತ್ತು ಒಳಗೆಲ್ಲ ತಿರುಗಲು ಆಗಲ್ಲ. ಮೂರು ಕ್ಯಾನಿನ ಅರವತ್ತು ಕೆಜಿ ಎಡಕ್ಕೆ ಬಂತು ಅಂದರೆ ಬ್ಯಾಟರಿ, ಫ್ರಿಜ್ಜು ಬಲಕ್ಕೆ ಹೋಗಲಿ. ಇಲ್ಲದಿದ್ದರೆ ಗಾಡಿ ಒಂದು ಕಡೆ ವಾಲುತ್ತದೆ.

ಬಚ್ಚಲಿಗೆ ಎರಡೂವರೆ ಅಡಿ ಚೌಕದ ಕೋಣೆ ಕೊಟ್ಟರೆ ಹತ್ತೂವರೆ ಅಡಿಯ ಗಾಡಿಯಲ್ಲಿ ಉಳಿದದ್ದೆಲ್ಲ ಇಕ್ಕಟ್ಟು. ನಾವು ಕೊಡಲಿಲ್ಲ. ಚಾಲಕನ ಸೀಟಿನ ಹಿಂದೆ, ಎಳೆದರೆ ಹೊರಬರುವ ಪೆಟ್ಟಿಗೆಯಲ್ಲಿ ಪೋರ್ಟಬಲ್ ಕಮೋಡ್, ಸುತ್ತ ಒಂದು ಪರದೆ. ರಾತ್ರಿಯ ತುರ್ತಿಗೆ ಅಷ್ಟು ಸಾಕು. ಸ್ನಾನ ಬಕೆಟ್ಟಿನಲ್ಲಿ, ಹೊರಗೆ, ಹಿಂಬಾಗಿಲಿಗೆ ಪರದೆ ಕಟ್ಟಿಕೊಂಡು. ಹೆಂಗಸರಿಗೆ ಇದು ಒಪ್ಪಿಗೆಯಾಗುತ್ತದಾ ಅಂತ ಮೊದಲೇ ಬಾಯಿ ಬಿಟ್ಟು ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಹೀಗೆ ಕೊನೆಗೆ ನಮ್ಮ ಪ್ಲಾನು: ಹಿಂದೆ ಕಟ್ಟೆ 24 ಇಂಚು, ನಡುವೆ ಬಲಗಡೆ ನನ್ನ ಮಂಚ 74 ಇಂಚು, ಮುಂದೆ ಫ್ರಿಜ್ಜು ಮತ್ತು ಕಮೋಡಿನ ಪೆಟ್ಟಿಗೆಗೆ 28. ಎಡಗಡೆಯ ಮಂಚವನ್ನು 68ಕ್ಕೆ ನಿಲ್ಲಿಸಿದೆವು, ಹೆಂಡತಿಯ ಎತ್ತರಕ್ಕೆ ಅದು ಧಾರಾಳ. ಉಳಿದ ಆರು ಇಂಚು ಬಾಗಿಲ ಕಡೆ ಹೋಯಿತು, ಅಲ್ಲೇ ಕ್ಯಾನುಗಳು. ಮಾಳಿಗೆ ಮೇಲೆ ಇದನ್ನು ಬರೆದು ಮತ್ತೆ ಅರ್ಧ ಗಂಟೆ ಓಡಾಡಿದೆವು. ತಾಗಿದ್ದು ಮೂರು ಸಲ, ಮೂರೂ ನನ್ನದೇ.

ಓಡುವಾಗ ಇಬ್ಬರೂ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುವವರು, ಹಿಂದೆ ಪ್ರಯಾಣದ ಸೀಟು ಉಳಿಸುವ ಗೊಡವೆ ಬೇಡ. ಆದರೆ ಸೀಟು ಕಿತ್ತು ಮಂಚ ಹಾಕಿಸುವುದು ಸುಮ್ನೆ ಆಗುವ ಕೆಲಸ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ, ಮೋಟರ್ ಕ್ಯಾರವಾನಿಗೆ, ಅಂದರೆ ಇಂಥ ಮಲಗುವ ಗಾಡಿಗೆ, ಎಐಎಸ್ 124 ಅನ್ನುವ ಬೇರೆ ಮಾನದಂಡವೇ ಇದೆ. ನಾವು ಮಾತಾಡಿಸಿದ ಒಂದು ಶೆಡ್ಡಿನವರು ‘ಎಲ್ಲ ನಡೀತೈತಿ, ಮೊದಲು ಅಡ್ವಾನ್ಸ್ ಕೊಡ್ರಿ’ ಅಂದರು. ಕೊಡಲಿಲ್ಲ. ಪ್ಲಾನಿನ ಪ್ರತಿ ಹಿಡಿದು ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಆರ್‌ಸಿಯಲ್ಲಿ ಏನು ಬದಲಾಗಬೇಕು, ಯಾರಿಂದ ಕಟ್ಟಿಸಿದರೆ ಒಪ್ಪುತ್ತಾರೆ ಅಂತ ಕೇಳಿ. ಇನ್ಶೂರೆನ್ಸಿನವರಿಗೂ ಬರೆದು ತಿಳಿಸಿ. ಶೆಡ್ಡಿಗೆ ಹೋಗುವುದು ಆಮೇಲೆ. ಹೋಗುವಾಗ ರಂಗೋಲಿ ಡಬ್ಬಿ ಒಯ್ಯಿರಿ. ಖಾಲಿ ಗಾಡಿಯ ನೆಲದ ಮೇಲೆ ನೀವೇ ಗೆರೆ ಎಳೆದು, ಅದರೊಳಗೆ ಒಮ್ಮೆ ಮಲಗಿ ಎದ್ದು, ಮಿಸ್ತ್ರಿಯ ಕಣ್ಣೆದುರೇ ಫೋಟೋ ತೆಗೆದುಕೊಳ್ಳಿ.